ವಾಹನ ಕಳುವಾದಾಗ ರೈತನು ಮಾಡಬೇಕಾದುದೇನು?

ಹಿಂದೆ ಒಬ್ಬ ರೈತನ ಎತ್ತು ಕಳುವಾದರೆ ಅದರ ಗುರುತನ್ನು ಅವನು ನಿದ್ದೆಗಣ್ಣಿನಲ್ಲಿಯೂ ಹೇಳಬಲ್ಲವನಾಗಿದ್ದನು. ಸುಳಿ ಎಲ್ಲಿದೆ, ಕೊಂಬು ಯಾವ ಕಡೆಗೆ ಬಾಗಿದೆ, ಹಲ್ಲು ಎಷ್ಟು, ಯಾವ ಕಾಲಿನ ಮೇಲೆ ಗಾಯದ ಕಲೆ ಇದೆ, ಇವೆಲ್ಲವೂ ಅವನ ಬಾಯಲ್ಲಿದ್ದವು. ಜಾತ್ರೆಯಲ್ಲಿ ನೂರು ಎತ್ತುಗಳ ನಡುವೆ ಕಟ್ಟಿದ್ದರೂ ತನ್ನದನ್ನು ಹೋಗಿ ಹಿಡಿಯುತ್ತಿದ್ದನು. ಈಗ ಎತ್ತಿನ ಜಾಗಕ್ಕೆ ಮೋಟಾರ್ ಸೈಕಲ್ಲೂ ಟ್ರಾಕ್ಟರೂ ಬಂದಿವೆ. ಸಾಲ ಮಾಡಿ ತಂದ ಆ ಗಾಡಿಯ ಗುರುತೇನೆಂದು ಕೇಳಿದರೆ ನಮ್ಮಲ್ಲಿ ಬಹಳ ಮಂದಿ "ಕೆಂಪು ಬಣ್ಣ, ಹಿಂದೆ ಮನೆದೇವರ ಹೆಸರು ಬರೆಸಿದೆ" ಎನ್ನುತ್ತೇವೆ. ಬಣ್ಣವನ್ನು ಬಳಿದು ಬದಲಿಸಬಹುದು, ಹೆಸರನ್ನು ಕೆರೆದು ತೆಗೆಯಬಹುದು. ಕಳ್ಳನು ಮೊದಲು ಮಾಡುವ ಕೆಲಸವೂ ಅದೇ.

ಇದನ್ನು ನಾನು ಪರರಿಗೆ ಬುದ್ಧಿ ಹೇಳುವ ಸಲುವಾಗಿ ಬರೆಯುತ್ತಿಲ್ಲ. ನಾನೇ ಈ ಪಾಠವನ್ನು ನಷ್ಟಪಟ್ಟು ಕಲಿತವನು. ಮುಂಗಾರು ಬಿತ್ತನೆಗೆ ಸ್ವಲ್ಪ ಮುಂಚೆ ಒಂದು ಸಂತೆಯ ದಿನ ನಾನು ಬೀಜೋಪಚಾರದ ಪ್ರಾತ್ಯಕ್ಷಿಕೆ ತೋರಿಸುತ್ತಿದ್ದೆನು. ಗಾಡಿಯನ್ನು ಸಂತೆ ಮೈದಾನದ ಅಂಚಿನ ಬೇವಿನ ಮರದ ಕೆಳಗೆ ನಿಲ್ಲಿಸಿದ್ದೆ. "ಕಣ್ಣೆದುರಿಗೇ ಇದೆಯಲ್ಲ" ಎಂದು ಹ್ಯಾಂಡಲ್ ಲಾಕ್ ಹಾಕಲಿಲ್ಲ. ಒಂದು ಗಂಟೆಯ ಮೇಲೆ ತಿರುಗಿ ನೋಡಿದರೆ ಮರವಿತ್ತು, ಗಾಡಿ ಇರಲಿಲ್ಲ. ಆ ಸಂಜೆಯೆಲ್ಲ ಅವರಿವರನ್ನು ಕೇಳುತ್ತ ಅಲೆದೆ. ಅಂಜನ ಹಾಕಿಸಿ ನೋಡು ಎಂದವರೂ ಉಂಟು. ಮಾರನೆಯ ದಿನ ಠಾಣೆಯ ಮೆಟ್ಟಿಲು ಹತ್ತುವಾಗ ಗಾಡಿ ಹೋಗಿ 22 ಗಂಟೆಯಾಗಿತ್ತು. ಅಲ್ಲಿ ಬರೆದುಕೊಳ್ಳುವವರು "ಚಾಸಿ ನಂಬರು ಹೇಳಿ" ಎಂದರು. ನನಗೆ ತಿಳಿದಿರಲಿಲ್ಲ. ಕಾಗದಪತ್ರಗಳೆಲ್ಲ ಎಲ್ಲಿ ಎಂದರೆ, ಗಾಡಿಯ ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿಯೇ! ಕಳ್ಳನಿಗೆ ಗಾಡಿಯ ಜೊತೆಗೆ ಅದರ ಜಾತಕವನ್ನೂ ಕೊಟ್ಟು ಕಳುಹಿಸಿದಂತಾಗಿತ್ತು.

ಆದಕಾರಣ ಗಾಡಿ ಕಳುವಾದರೆ ನಾವು ಏನು ಮಾಡಬೇಕು, ಪೋಲೀಸರು ಏನು ಮಾಡುತ್ತಾರೆ, ಎರಡನ್ನೂ ಒಂದೊಂದಾಗಿ ಇಲ್ಲಿ ಹೇಳುತ್ತೇನೆ.

ಮೊದಲ ಗಂಟೆಯ ಕೆಲಸ

ಗಾಡಿ ಕಾಣದಾದಾಗ ಮೊದಲು ಎರಡು ಸಂಗತಿಗಳನ್ನು ವಿಚಾರಿಸಿ. ಮನೆಯವರೋ ನೆಂಟರೋ ತೆಗೆದುಕೊಂಡು ಹೋಗಿದ್ದಾರೆಯೇ? ಕಂತು ಬಾಕಿಯಿದ್ದರೆ ಸಾಲ ಕೊಟ್ಟವರು ಎಳೆದೊಯ್ದಿದ್ದಾರೆಯೇ? ಇದಕ್ಕೆ ಹತ್ತು ನಿಮಿಷ ಸಾಕು. ಎರಡೂ ಇಲ್ಲವೆಂದಾದರೆ ಕೂಡಲೆ 112 ಸಂಖ್ಯೆಗೆ ದೂರವಾಣಿ ಮಾಡಿ. ಪೇಟೆಯ ಬೀದಿಯಲ್ಲಿ ನಿಲ್ಲಿಸಿದ್ದ ಗಾಡಿಯನ್ನು ಸಂಚಾರದ ಪೋಲೀಸರೇ ಎತ್ತಿಸಿದ್ದರೆ ಅದೂ ಹೀಗೆ ವಿಚಾರಿಸಿದಾಗ ತಿಳಿಯುತ್ತದೆ.

ಈ ಅವಸರ ಏಕೆಂಬುದಕ್ಕೆ ಒಂದು ಲೆಕ್ಕ ನೋಡಿ. ಟ್ರಾಕ್ಟರನ್ನು ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಓಡಿಸಿಕೊಂಡು ಹೋದರೆ, ಒಂದು ಗಂಟೆಯಲ್ಲಿ ಅದು ನಿಮ್ಮ ಊರಿನ ಸುತ್ತ 25 ಕಿಲೋಮೀಟರಿನೊಳಗೆ ಎಲ್ಲೋ ಇರಬೇಕು. ಅಷ್ಟರೊಳಗಿನ ನಾಲ್ಕಾರು ದಾರಿಗಳಲ್ಲಿ ಪೋಲೀಸರು ಜನರನ್ನು ನಿಲ್ಲಿಸಬಲ್ಲರು. ನಾಲ್ಕು ಗಂಟೆ ಕಳೆದರೆ ಹುಡುಕಬೇಕಾದ ದೂರ ನಾಲ್ಕು ಪಟ್ಟು, ಹುಡುಕಬೇಕಾದ ನೆಲ ಹದಿನಾರು ಪಟ್ಟು. ಲಾರಿಯ ಮೇಲೆ ಏರಿಸಿದರಂತೂ ಬೆಳಗಾಗುವುದರೊಳಗೆ ರಾಜ್ಯದ ಗಡಿಯನ್ನೇ ದಾಟಬಹುದು. ನಾನು ಅಲೆದಾಡಿ ಕಳೆದ 22 ಗಂಟೆಗಳನ್ನು ಈ ಲೆಕ್ಕದಲ್ಲಿ ಇಟ್ಟು ನೋಡಿ.

ಇನ್ನೊಂದು ಕಾರಣವೂ ಇದೆ. ಕದ್ದ ಗಾಡಿಯಲ್ಲಿ ಹೋಗಿ ಬೇರೊಂದು ಕಳ್ಳತನ ಮಾಡುವುದುಂಟು, ಯಾರಿಗೋ ಗುದ್ದಿ ಓಡುವುದುಂಟು. ಆಗ ನಂಬರಿನ ಜಾಡು ಹಿಡಿದು ಪೋಲೀಸರು ಬರುವುದು ಮಾಲೀಕನ ಮನೆಗೆ. ಗಾಡಿ ಕಳುವಾಗಿತ್ತೆಂದು ಅದಕ್ಕೆ ಮುಂಚೆಯೇ ಬರೆಸಿದ ದೂರು ಅಂಥ ಸಮಯದಲ್ಲಿ ನಿಮ್ಮ ಕೈಯಲ್ಲಿರುವ ರಕ್ಷೆ.

ದೂರು ಕೊಡುವ ಕ್ರಮ

2024ರ ಜುಲೈ 1ರಿಂದ ದೇಶದಲ್ಲಿ ಹೊಸ ಕಾನೂನುಗಳು ಜಾರಿಗೆ ಬಂದಿವೆ. ದೂರು ಮತ್ತು ತನಿಖೆಯ ಕ್ರಮವನ್ನು ಹೇಳುವ ಕಾನೂನಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಎಂದು ಹೆಸರು. ಅದರ 173ನೆಯ ಕಲಮಿನಲ್ಲಿ ನಮಗೆ ಬೇಕಾದ ನಾಲ್ಕು ಸಂಗತಿಗಳಿವೆ.

ಒಂದು, ಕಳುವು ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ನೀವು ಹತ್ತಿರದ ಯಾವುದೇ ಠಾಣೆಯಲ್ಲಿ ಮಾಹಿತಿ ಕೊಡಬಹುದು. ಅವರು ಅದನ್ನು ಸಂಬಂಧಪಟ್ಟ ಠಾಣೆಗೆ ಕಳುಹಿಸುತ್ತಾರೆ. ಎರಡು, ಬಾಯಿಮಾತಿನಲ್ಲಿ ಹೇಳಿದರೂ ಅವರು ಬರೆದುಕೊಂಡು, ನಿಮಗೆ ಓದಿ ಹೇಳಿ, ಸಹಿ ಪಡೆಯತಕ್ಕದ್ದು. ವಿದ್ಯುನ್ಮಾನ ಮಾರ್ಗದಲ್ಲಿ ಕಳುಹಿಸಿದರೆ ಮೂರು ದಿನದೊಳಗೆ ನೀವು ಸಹಿ ಹಾಕಬೇಕು. ಮೂರು, ದಾಖಲಾದ ಮಾಹಿತಿಯ ಪ್ರತಿಯನ್ನು ನಿಮಗೆ ಉಚಿತವಾಗಿ ಕೊಡಬೇಕು. ಇದಕ್ಕೆ ಒಂದು ಕಾಸೂ ಕೊಡಬೇಕಾಗಿಲ್ಲ. ನಾಲ್ಕು, ದಾಖಲಿಸಿಕೊಳ್ಳಲು ಒಪ್ಪದಿದ್ದರೆ ದೂರಿನ ಸಾರಾಂಶವನ್ನು ಬರೆದು ಜಿಲ್ಲಾ ಪೋಲೀಸ್ ಸೂಪರಿಂಟೆಂಡೆಂಟರಿಗೆ ಅಂಚೆಯಲ್ಲಿ ಕಳುಹಿಸಬಹುದು. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು.

ಎಲ್ಲರೂ ಎಫ್.ಐ.ಆರ್. ಎಂದು ಕರೆಯುವ ಪ್ರಥಮ ವರ್ತಮಾನ ವರದಿ ಇದೇ. ಮುಂದೆ ವಿಮೆಗೂ, ಬ್ಯಾಂಕಿಗೂ, ಸಾರಿಗೆ ಕಚೇರಿಗೂ ಇದೇ ಬುನಾದಿ. ಆದುದರಿಂದ ಸಹಿ ಹಾಕುವ ಮುನ್ನ ಓದಿಸಿ ಕೇಳಿ. ಅದರಲ್ಲಿ ಇವು ಇರಬೇಕು: ನೋಂದಣಿ ನಂಬರು, ಚಾಸಿ ನಂಬರು, ಎಂಜಿನ್ ನಂಬರು, ತಯಾರಕರ ಹೆಸರು ಮತ್ತು ಮಾದರಿ, ಬಣ್ಣ, ಗಾಡಿಯನ್ನು ನಿಲ್ಲಿಸಿದ ಜಾಗ, ಕೊನೆಯ ಸಲ ಕಂಡ ಹೊತ್ತು, ಕಾಣದಾದದ್ದು ತಿಳಿದ ಹೊತ್ತು, ಗಾಡಿಯಲ್ಲಿ ಇದ್ದ ಸಾಮಾನು. ಟ್ರಾಕ್ಟರಿನ ಜೊತೆ ಟ್ರೈಲರೂ ಹೋಗಿದ್ದರೆ ಅದರ ನಂಬರನ್ನು ಬೇರೆಯಾಗಿಯೇ ಬರೆಸಬೇಕು. ಒಂದು ಅಂಕೆ ಹೆಚ್ಚುಕಡಿಮೆಯಾದರೂ ನಿಮ್ಮ ಗಾಡಿಯ ಬದಲು ಬೇರೆ ಯಾರದೋ ಗಾಡಿಯನ್ನು ಹುಡುಕಿದಂತಾಗುತ್ತದೆ. ಇದ್ದುದನ್ನು ಇದ್ದ ಹಾಗೆಯೇ ಹೇಳಿ. ಬೀಗದ ಕೈಯನ್ನು ಗಾಡಿಯಲ್ಲಿಯೇ ಬಿಟ್ಟಿದ್ದರೆ ಅದನ್ನು ಮರೆಮಾಡಬೇಡಿ. ಹೇಳಿಕೆ ಒಂದು, ಸಾಕ್ಷಿ ಇನ್ನೊಂದು ಆದರೆ ಮುಂದೆ ತೊಂದರೆ ನಿಮಗೇ.

ನನ್ನ ಚಾಸಿ ನಂಬರು ಕೊನೆಗೆ ಗಾಡಿ ಕೊಂಡ ಅಂಗಡಿಯ ಹಳೆಯ ರಸೀದಿಯಲ್ಲಿ ಸಿಕ್ಕಿತು. ಆ ರಸೀದಿಯನ್ನು ನನ್ನ ತಾಯಿಯವರು ಅಕ್ಕಿ ಡಬ್ಬದ ಮೇಲಿನ ಚೀಲದಲ್ಲಿ ಜೋಪಾನವಾಗಿ ಇಟ್ಟಿದ್ದರು.

ಠಾಣೆಯಲ್ಲಿ ಮುಂದೆ ನಡೆಯುವುದೇನು?

"ಬರೆದುಕೊಂಡರು, ಅಷ್ಟೆ, ಹುಡುಕುವವರು ಯಾರು?" ಎಂಬ ಮಾತು ನಮ್ಮ ಕಟ್ಟೆಗಳಲ್ಲಿ ಕೇಳಿಬರುತ್ತದೆ. ಒಂದು ಠಾಣೆಗೆ ಹತ್ತಾರು ಹಳ್ಳಿಗಳಿರುತ್ತವೆ. ನಿಮ್ಮ ಒಂದು ಗಾಡಿಗಾಗಿ ಒಬ್ಬ ಪೇದೆ ತಿಂಗಳುಗಟ್ಟಲೆ ತಿರುಗುವುದು ಆಗದ ಮಾತು. ಅವರ ಕೆಲಸದ ರೀತಿ ಬೇರೆ.

ಮೊದಲು ಸ್ಥಳಕ್ಕೆ ಬಂದು ಪಂಚರ ಮುಂದೆ ಮಹಜರು ಬರೆಯುತ್ತಾರೆ. ಗಾಡಿ ಹೋಗಬಹುದಾದ ದಾರಿಯಲ್ಲಿರುವ ಪೆಟ್ರೋಲ್ ಬಂಕು, ಅಂಗಡಿ, ಸುಂಕದ ಕಟ್ಟೆಗಳ ಕ್ಯಾಮೆರಾಗಳನ್ನು ನೋಡುತ್ತಾರೆ. ಇಂಥ ಚಿತ್ರಗಳು ಕೆಲವು ದಿನಗಳ ಮೇಲೆ ತಾವಾಗಿಯೇ ಅಳಿಸಿಹೋಗುತ್ತವೆ. ತಡವಾದ ದೂರಿನಿಂದ ಆಗುವ ಮತ್ತೊಂದು ನಷ್ಟವಿದು. ಹಿಂದೆ ಇಂಥ ಕೆಲಸ ಮಾಡಿ ಸಿಕ್ಕಿಬಿದ್ದವರನ್ನು, ಗುಜರಿ ಅಂಗಡಿಗಳನ್ನು, ಬಿಡಿಭಾಗ ಮಾರುವವರನ್ನು ವಿಚಾರಿಸುತ್ತಾರೆ.

ಎರಡನೆಯದಾಗಿ, ನಿಮ್ಮ ಗಾಡಿಯ ವಿವರಗಳು ಠಾಣೆಗಳನ್ನು ಒಂದಕ್ಕೊಂದು ಜೋಡಿಸಿರುವ ದೇಶದ ಗಣಕ ಜಾಲವನ್ನು ಸೇರುತ್ತವೆ. ಕಳುವಾದ ವಾಹನಗಳನ್ನೂ ಸಿಕ್ಕ ವಾಹನಗಳನ್ನೂ ತಾಳೆ ನೋಡುವುದಕ್ಕೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದವರು "ವಾಹನ್ ಸಮನ್ವಯ" ಎಂಬ ವ್ಯವಸ್ಥೆಯನ್ನು ಇಟ್ಟಿದ್ದಾರೆ. ಹೀಗಾಗಿ ದೂರದ ಜಿಲ್ಲೆಯಲ್ಲಿ ಅನಾಥವಾಗಿ ಬಿದ್ದಿರುವ ಗಾಡಿಯ ಚಾಸಿ ನಂಬರನ್ನು ಅಲ್ಲಿಯ ಪೋಲೀಸರು ಕೇಳಿ ನೋಡಿದರೆ, ಅದು ಯಾವ ಠಾಣೆಯ ಕಳುವೆಂಬುದು ತಿಳಿಯುತ್ತದೆ. ಆದರೆ ನೆನಪಿಡಿ: ನೀವು ಬರೆಸದ ನಂಬರು ಯಾವ ಜಾಲದಲ್ಲಿಯೂ ಸಿಕ್ಕುವುದಿಲ್ಲ.

ನನ್ನ ಗಾಡಿ ಸಿಕ್ಕಿದ್ದು ಈ ಮಾರ್ಗದಿಂದಲೇ. ನಾಲ್ಕು ತಿಂಗಳ ಮೇಲೆ ಪಕ್ಕದ ಜಿಲ್ಲೆಯಲ್ಲಿ ರಾತ್ರಿ ತಪಾಸಣೆಯ ಪೋಲೀಸರು ಒಂದು ಮೋಟಾರ್ ಸೈಕಲ್ಲನ್ನು ನಿಲ್ಲಿಸಿದರು. ಹಲಗೆಯ ಮೇಲಿನ ನಂಬರನ್ನು ನೋಡಿದರೆ ಅದು ಒಂದು ಸ್ಕೂಟರಿನದು! ಹ್ಯಾಂಡಲಿನ ಕುತ್ತಿಗೆಯ ಬಳಿ ಒತ್ತಿದ್ದ ಚಾಸಿ ನಂಬರನ್ನು ತಾಳೆ ನೋಡಿದಾಗ ನನ್ನ ದೂರು ಹೊರಬಂತು.

ತನಿಖೆ ಎಲ್ಲಿಯವರೆಗೆ ಬಂದಿದೆ ಎಂದು ಕೇಳಲು ಸಂಕೋಚಪಡಬೇಡಿ. 90 ದಿನದೊಳಗೆ ತನಿಖೆಯ ಪ್ರಗತಿಯನ್ನು ದೂರು ಕೊಟ್ಟವರಿಗೆ ತಿಳಿಸತಕ್ಕದ್ದೆಂದು ಮೇಲೆ ಹೇಳಿದ ಕಾನೂನೇ ವಿಧಿಸುತ್ತದೆ.

ಅಳಿಸಿದ ಅಂಕೆಯೂ ಮಾತನಾಡುತ್ತದೆ

ಕಳ್ಳರು ಅರದಿಂದ ಉಜ್ಜಿ ಚಾಸಿ ನಂಬರನ್ನು ಅಳಿಸುವುದುಂಟು. ಆಗ ಗಾಡಿ ಸಿಕ್ಕರೂ ಗುರುತು ಹಿಡಿಯುವುದು ಹೇಗೆ? ಇದಕ್ಕೆ ನಮ್ಮ ಹೊಲದಲ್ಲಿಯೇ ಉಪಮೆ ಇದೆ. ಹಸಿ ಮಣ್ಣಿನ ಮೇಲೆ ಟ್ರಾಕ್ಟರಿನ ಚಕ್ರ ಹಾದ ಕಡೆ ಮೇಲಿನ ಮಣ್ಣನ್ನು ಕೆರೆದು ಸಮಮಾಡಿದರೂ ಕೆಳಗಿನ ಮಣ್ಣು ಗಟ್ಟಿಯಾಗಿಯೇ ಉಳಿದಿರುತ್ತದೆ. ಸಲಾಕೆ ಚುಚ್ಚಿದರೆ ಗೊತ್ತಾಗುತ್ತದೆ. ಲೋಹದ ಮೇಲೆ ಅಚ್ಚನ್ನು ಬಲವಾಗಿ ಒತ್ತಿದಾಗಲೂ ಹೀಗೆಯೇ. ಅಂಕೆಯ ಕೆಳಗಿನ ಲೋಹವು ಒತ್ತಡಕ್ಕೆ ಸಿಕ್ಕಿ ಸುತ್ತಲಿನ ಲೋಹಕ್ಕಿಂತ ಬೇರೆಯಾಗುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯದವರು ಆ ಜಾಗವನ್ನು ನುಣುಪುಮಾಡಿ ಆಮ್ಲದ ದ್ರಾವಣ ಹಚ್ಚುತ್ತಾರೆ. ಒತ್ತಡಕ್ಕೆ ಸಿಕ್ಕ ಭಾಗ ಒಂದು ಬಗೆಯಲ್ಲಿ, ಉಳಿದ ಭಾಗ ಇನ್ನೊಂದು ಬಗೆಯಲ್ಲಿ ಸವೆದು, ಅಳಿಸಿದ ಅಂಕೆ ಮಸುಕಾಗಿ ಮತ್ತೆ ಮೂಡುತ್ತದೆ. ತೀರ ಆಳದವರೆಗೆ ಉಜ್ಜಿದ್ದರೆ ಮಾತ್ರ ಇದು ಸಾಧ್ಯವಾಗದು.

ಸಿಕ್ಕ ಗಾಡಿಯನ್ನು ಬಿಡಿಸಿಕೊಳ್ಳುವುದು

ಗಾಡಿ ಸಿಕ್ಕಿತೆಂದು ತಿಳಿದಾಕ್ಷಣ ಠಾಣೆಗೆ ಹೋಗಿ ಓಡಿಸಿಕೊಂಡು ಬರಲಾಗದು. ಅದು ಮೊಕದ್ದಮೆಯ ಮುದ್ದೆಮಾಲು. ಮಾಲೀಕನು ಆರ್.ಸಿ., ವಿಮೆಯ ಪತ್ರ ಮತ್ತು ಎಫ್.ಐ.ಆರ್. ಪ್ರತಿಯೊಡನೆ ಆ ಠಾಣೆಗೆ ಸಂಬಂಧಿಸಿದ ಮ್ಯಾಜಿಸ್ಟ್ರೇಟರ ನ್ಯಾಯಾಲಯದಲ್ಲಿ ಅರ್ಜಿ ಹಾಕಬೇಕು. ನ್ಯಾಯಾಲಯವು ಮುಚ್ಚಳಿಕೆ ಬರೆಸಿಕೊಂಡು ಗಾಡಿಯನ್ನು ನಿಮ್ಮ ವಶಕ್ಕೆ ಕೊಡುತ್ತದೆ. ಮೊಕದ್ದಮೆ ಮುಗಿಯುವವರೆಗೆ ಅದನ್ನು ಮಾರಬಾರದು, ರೂಪ ಬದಲಿಸಬಾರದು, ಕರೆದಾಗ ಹಾಜರುಪಡಿಸಬೇಕು ಎಂಬಂಥ ಷರತ್ತುಗಳು ಇರುತ್ತವೆ.

ಠಾಣೆಯ ಅಂಗಳದಲ್ಲಿ ಬಿಸಿಲುಮಳೆಗೆ ತುಕ್ಕು ಹಿಡಿದು ನಿಂತ ಗಾಡಿಗಳನ್ನು ನೀವೆಲ್ಲ ಕಂಡಿದ್ದೀರಿ. ಹಾಗೆ ಬಹುಕಾಲ ಇಡುವುದರಿಂದ ಪ್ರಯೋಜನವಿಲ್ಲ, ಚಿತ್ರ ತೆಗೆದು ಮಹಜರು ಬರೆದು ಸೂಕ್ತ ಮುಚ್ಚಳಿಕೆಯ ಮೇಲೆ ಬಿಟ್ಟುಕೊಡಬೇಕು ಎಂದು ಸುಪ್ರೀಂ ಕೋರ್ಟು 2002ರಲ್ಲಿಯೇ ಹೇಳಿದೆ. ಆದುದರಿಂದ ಅರ್ಜಿ ಹಾಕುವುದರಲ್ಲಿ ತಡಮಾಡಬೇಡಿ. ನನ್ನ ಗಾಡಿ ಕೈಗೆ ಬಂದಾಗ ಬ್ಯಾಟರಿಯೂ ಎರಡೂ ಕನ್ನಡಿಗಳೂ ಇರಲಿಲ್ಲ. ಆದರೂ ಗಾಡಿ ಬಂತಲ್ಲ ಎಂದು ಸಮಾಧಾನಪಟ್ಟೆ. ಏಕೆಂದರೆ, ಬಾರದೇ ಹೋಗಿದ್ದರೆ ನನಗೆ ಒಂದು ರೂಪಾಯಿಯೂ ಸಿಗುತ್ತಿರಲಿಲ್ಲ. ಆ ಕಥೆ ಮುಂದಿದೆ.

ಗಾಡಿ ಸಿಗದೇ ಹೋದರೆ

ವಿಮೆಯಲ್ಲಿ ಎರಡು ಭಾಗಗಳಿವೆ. ನಿಮ್ಮ ಗಾಡಿಯಿಂದ ಪರರಿಗೆ ಆದ ಹಾನಿಯನ್ನು ಭರಿಸುವುದು ಒಂದು; ಕಾನೂನಿನಂತೆ ಕಡ್ಡಾಯವಾದುದು ಇದೇ. ನಿಮ್ಮ ಗಾಡಿಗೇ ಆದ ಹಾನಿಯನ್ನು ಭರಿಸುವುದು ಇನ್ನೊಂದು. ಕಳುವಿಗೆ ಪರಿಹಾರ ಸಿಕ್ಕುವುದು ಎರಡನೆಯದರಿಂದ ಮಾತ್ರ.

2018ರ ಸೆಪ್ಟೆಂಬರಿನಿಂದ ಹೊಸ ಮೋಟಾರ್ ಸೈಕಲ್ಲುಗಳಿಗೆ ಮೊದಲನೆಯ ಭಾಗವನ್ನು ಐದು ವರ್ಷಕ್ಕೆ ಒಟ್ಟಿಗೇ ಮಾಡಿಸಬೇಕಾಗಿದೆ. ಎರಡನೆಯ ಭಾಗವನ್ನು ಸಾಮಾನ್ಯವಾಗಿ ಒಂದೇ ವರ್ಷಕ್ಕೆ ಕೊಡುತ್ತಾರೆ. "ಐದು ವರ್ಷದ ವಿಮೆ ಇದೆ" ಎಂದು ನಾನು ನಿಶ್ಚಿಂತೆಯಿಂದಿದ್ದೆ. ನನ್ನ ಎರಡನೆಯ ಭಾಗ ಗಾಡಿ ಕಳುವಾಗುವುದಕ್ಕೆ ಮುಂಚೆಯೇ ಮುಗಿದುಹೋಗಿತ್ತು. ಇಂದೇ ನಿಮ್ಮ ವಿಮಾಪತ್ರವನ್ನು ತೆಗೆದು ಎರಡು ಭಾಗಗಳ ಕೊನೆಯ ದಿನಾಂಕಗಳನ್ನು ಬೇರೆಬೇರೆಯಾಗಿ ನೋಡಿ.

ಇದಕ್ಕೆ ಪ್ರತಿಯಾಗಿ ನಮ್ಮ ವ್ಯಾಪ್ತಿಯ ಹಿರಿಯ ರೈತರೊಬ್ಬರ ಸಂಗತಿ ಕೇಳಿ. ಕಣದ ಬಳಿ ನಿಲ್ಲಿಸಿದ್ದ ಅವರ ಟ್ರಾಕ್ಟರು ರಾತ್ರಿ ಕಳುವಾಯಿತು. ಬೆಳಗಿನ ಐದು ಗಂಟೆಗೆ ನೋಡಿದವರು ಆರು ಗಂಟೆಗೆ ಠಾಣೆಯಲ್ಲಿದ್ದರು. ಅದೇ ದಿನ ವಿಮಾ ಕಂಪನಿಗೂ ಸಾಲ ಕೊಟ್ಟ ಬ್ಯಾಂಕಿಗೂ ಬರೆದು ತಿಳಿಸಿದರು. ಟ್ರಾಕ್ಟರು ಮಾತ್ರ ಸಿಗಲೇ ಇಲ್ಲ. ಆ ವರ್ಷ ಬಾಡಿಗೆ ಟ್ರಾಕ್ಟರಿನಲ್ಲಿ ಉಳುಮೆ ಮಾಡಿಸುತ್ತಲೇ ಕಂತನ್ನೂ ಕಟ್ಟಿದರು. ಗಾಡಿ ಹೋದರೂ ಸಾಲ ನಿಲ್ಲುವುದಿಲ್ಲ. ಕೊನೆಗೆ ಪೋಲೀಸರು ಪತ್ತೆಯಾಗಲಿಲ್ಲವೆಂದು ನ್ಯಾಯಾಲಯಕ್ಕೆ ವರದಿ ಸಲ್ಲಿಸಿದರು. ನಮ್ಮಲ್ಲಿ ಇದಕ್ಕೆ "ಸಿ" ರಿಪೋರ್ಟ್ ಎನ್ನುತ್ತಾರೆ. ಆ ವರದಿ, ಎಫ್.ಐ.ಆರ್., ಆರ್.ಸಿ., ಎರಡೂ ಬೀಗದ ಕೈಗಳು, ಇವನ್ನು ಒಪ್ಪಿಸಿದ ಮೇಲೆ ವಿಮೆಯ ಹಣ ಬಂತು. ಅದರಲ್ಲಿ ಮೊದಲು ಬ್ಯಾಂಕಿನ ಬಾಕಿ ತೀರಿ, ಉಳಿದದ್ದು ಅವರ ಕೈ ಸೇರಿತು. ತಪ್ಪು ಮಾಡಿದ ನನ್ನ ಗಾಡಿ ಅದೃಷ್ಟದಿಂದ ಸಿಕ್ಕಿತು, ಸರಿಯಾಗಿ ನಡೆದ ಅವರ ಟ್ರಾಕ್ಟರು ಸಿಗಲಿಲ್ಲ. ಆದರೂ ಅವರ ಸಂಸಾರ ಉಳಿಯಿತು. ಅದೃಷ್ಟವನ್ನು ನೆಚ್ಚುವುದಕ್ಕಿಂತ ಕಾಗದವನ್ನು ನೆಚ್ಚುವುದು ಮೇಲು.

ವಿಮಾ ಕಂಪನಿಗೂ ಅದೇ ದಿನ ತಿಳಿಸುವುದು ಕ್ಷೇಮ. ಆದರೆ ಅಲ್ಲಿ ತಡವಾಯಿತೆಂದು ಕೈಚೆಲ್ಲಬೇಡಿ. 2010ರಲ್ಲಿ ಕಳುವಾದ ಒಂದು ಟ್ರಾಕ್ಟರಿನ ಮಾಲೀಕನು ಅದೇ ದಿನ ಪೋಲೀಸರಿಗೆ ದೂರು ಕೊಟ್ಟು, ವಿಮಾ ಕಂಪನಿಗೆ ಮಾತ್ರ ಸುಮಾರು ಏಳು ವಾರಗಳ ಮೇಲೆ ತಿಳಿಸಿದ್ದನು. ಕಂಪನಿಯು ಪರಿಹಾರ ನಿರಾಕರಿಸಿತು. ಪೋಲೀಸರಿಗೆ ಕೂಡಲೆ ತಿಳಿಸಿದ್ದಲ್ಲಿ, ಕಂಪನಿಗೆ ತಡವಾಗಿ ತಿಳಿಸಿದ ಒಂದೇ ಕಾರಣದಿಂದ ನಿಜವಾದ ಬೇಡಿಕೆಯನ್ನು ತಳ್ಳಿಹಾಕಲಾಗದೆಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಪು ಕೊಟ್ಟಿತು.

ಅಗ್ಗದ ಗಾಡಿ ಕೊಳ್ಳುವವರಿಗೆ

ಕದ್ದ ಮಾಲನ್ನು ಕೊಳ್ಳುವವರಿಲ್ಲದಿದ್ದರೆ ಕದಿಯುವವರೂ ಇರುವುದಿಲ್ಲ. "ಕಾಗದ ಆಮೇಲೆ ಕೊಡುತ್ತೇನೆ, ಹೊಲದೊಳಗೆ ಓಡಿಸುವುದಕ್ಕೆ ಕಾಗದ ಏಕೆ?" ಎಂದು ಯಾರಾದರೂ ಅರ್ಧ ಬೆಲೆಗೆ ಗಾಡಿ ತಂದರೆ ಆಶೆಪಡಬೇಡಿ. ಕಳುವಿನ ಮಾಲೆಂದು ತಿಳಿದೂ ಅಥವಾ ಹಾಗೆ ನಂಬಲು ಕಾರಣವಿದ್ದೂ ಕೊಂಡವರಿಗೆ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಂತೆ ಮೂರು ವರ್ಷದವರೆಗೆ ಸೆರೆವಾಸವಿದೆ. ಕೊಳ್ಳುವ ಮುನ್ನ ಆರ್.ಸಿ.ಯಲ್ಲಿರುವ ಚಾಸಿ ಮತ್ತು ಎಂಜಿನ್ ನಂಬರುಗಳನ್ನು ಗಾಡಿಯ ಮೇಲಿನವುಗಳೊಡನೆ ನೀವೇ ತಾಳೆ ನೋಡಿ. "ವಾಹನ್ ಸಮನ್ವಯ"ದಲ್ಲಿ ಅದು ಕಳುವಿನ ಗಾಡಿಯೇ ಎಂದು ವಿಚಾರಿಸಿ. ಕೊಂಡ ಮೇಲೆ ಸಾರಿಗೆ ಕಚೇರಿಯಲ್ಲಿ ಹೆಸರು ಬದಲಾಯಿಸಿಕೊಳ್ಳಿ.

ಈಗಲೇ ಮಾಡಿಡಬೇಕಾದ ಕೆಲಸಗಳು

ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೇನು ಫಲ? ಮುಂಚೆಯೇ ಮಾಡಬಹುದಾದ ಕೆಲಸಗಳು ಇವು:

1. ನೋಂದಣಿ, ಚಾಸಿ, ಎಂಜಿನ್ ಈ ಮೂರು ನಂಬರುಗಳನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ಚಾಸಿ ನಂಬರಿನ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಮನೆಯ ಇನ್ನೊಬ್ಬರಿಗೂ ಕಳುಹಿಸಿ.

2. ಆರ್.ಸಿ. ಮತ್ತು ವಿಮಾಪತ್ರದ ಮೂಲಪ್ರತಿಗಳನ್ನು ಗಾಡಿಯಲ್ಲಿ ಇಡಬೇಡಿ. ಡಿಜಿಲಾಕರಿನಲ್ಲಿರುವ ಪ್ರತಿಯನ್ನು ದಾರಿಯಲ್ಲಿ ತೋರಿಸಿದರೆ ಸಾಕು.

3. ಎರಡನೆಯ ಬೀಗದ ಕೈಯನ್ನು ಮನೆಯಲ್ಲಿ ಭದ್ರವಾಗಿಡಿ.

4. ಹಲವು ಹಳೆಯ ಟ್ರಾಕ್ಟರುಗಳಿಗೆ ಒಂದೇ ಬಗೆಯ ಬೀಗದ ಕೈ ಹೊಂದುತ್ತದೆ. ಕೈಯನ್ನು ತೆಗೆದುಕೊಂಡು ಬಂದರಷ್ಟೇ ಸಾಲದು. ಬ್ಯಾಟರಿಯ ಸಂಪರ್ಕ ತಪ್ಪಿಸುವ ಸ್ವಿಚ್ಚನ್ನು ಮರೆಯಲ್ಲಿ ಹಾಕಿಸಿ. ರಾತ್ರಿ ಚಕ್ರಕ್ಕೆ ಸರಪಳಿ ಬಿಗಿಯಿರಿ.

5. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ನಂಬರು ಹಲಗೆ ಕಡ್ಡಾಯವಾಗಿದೆ. ಅದರ ಬೀಗವನ್ನು ಮುರಿಯದೆ ಹಲಗೆಯನ್ನು ಕಳಚಲಾಗದು. ಹಳೆಯ ಗಾಡಿಗಳಿಗೂ ಹಾಕಿಸಬೇಕೆಂದು ನಮ್ಮ ರಾಜ್ಯದಲ್ಲಿ 2023ರಲ್ಲಿ ಆಜ್ಞೆಯಾಗಿದೆ.

6. ಸಂತೆ, ಜಾತ್ರೆ, ಮದುವೆಗಳಿಗೆ ಹೋದಾಗ ಎರಡು ನಿಮಿಷದ ಕೆಲಸವೆಂದರೂ ಹ್ಯಾಂಡಲ್ ಲಾಕ್ ಹಾಕಿ.

ರೈತ ಬಂಧುಗಳೇ, ಕಳ್ಳನನ್ನು ಹಿಡಿಯುವುದು ಪೋಲೀಸರ ಕೆಲಸ. ಆದರೆ ಏನನ್ನು ಹುಡುಕಬೇಕೆಂದು ಹೇಳುವುದು ನಮ್ಮ ಕೆಲಸ. ಎತ್ತಿನ ಸುಳಿಯನ್ನು ತಿಳಿದಿದ್ದ ನಮ್ಮ ಹಿರಿಯರಂತೆ ನಾವೂ ನಮ್ಮ ಗಾಡಿಯ ಸುಳಿಯನ್ನು ತಿಳಿದಿರಬೇಕು. ಈ ಲೇಖನವನ್ನು ಓದಿ ಮಡಿಸಿಡುವ ಮುನ್ನ ಒಂದು ಸಲ ಎದ್ದು ಹೋಗಿ ನಿಮ್ಮ ಗಾಡಿಯ ಚಾಸಿ ನಂಬರು ಎಲ್ಲಿದೆ ಎಂದು ನೋಡಿ ಬನ್ನಿ. ಕಾಣದಿದ್ದರೆ, ಮುಂದಿನ ಸಲ ನಾನು ನಿಮ್ಮ ಊರಿಗೆ ಬಂದಾಗ ಕೇಳಿ. ಇಬ್ಬರೂ ಕೂಡಿ ಹುಡುಕೋಣ. ನನ್ನ ಗಾಡಿಯ ನಂಬರು ಈಗ ನನಗೆ ಬಾಯಿಪಾಠವಾಗಿದೆ.

— ಗ್ರಾಮಸೇವಕ